ಎಟಿಆರ್, ಎಂಬ್ರೇರ್, ಕ್ಯೂ400: ಮೊದಲ ಪ್ರಾದೇಶಿಕ ವಿಮಾನವನ್ನು ಆರಿಸುವ ಕ್ರಮ

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಾರಾಟ ತರಬೇತಿ ಶಾಲೆಗಳಿಗೆ ಜಾಗ ದೊರೆತ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮನೆಗಳಲ್ಲಿ ಪೈಲಟ್ ಆಗುವ ಮಾತು ದೂರದ ಮಾತಾಗಿ ಉಳಿದಿಲ್ಲ. ಆದರೆ ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ಕೈಗೆ ಬಂದ ನಂತರ ಅಭ್ಯರ್ಥಿಗಳು ಎಡವುವುದು ಬಹುಪಾಲು ಒಂದೇ ಜಾಗದಲ್ಲಿ. ಯಾವ ವಿಮಾನ ಹಾರಿಸಬೇಕು ಎಂಬುದನ್ನು ಅವರು ಮೊದಲೇ ನಿರ್ಧರಿಸಿಬಿಡುತ್ತಾರೆ. ಗಂಟೆಗಳ ಲೆಕ್ಕ, ಕಂಪನಿಯ ಸ್ಥಿತಿ, ಕರಾರಿನ ಷರತ್ತು ಇವೆಲ್ಲ ಆಮೇಲಿನ ವಿಚಾರವಾಗುತ್ತವೆ. ಜೆಟ್ ಸಿಗುವವರೆಗೆ ಕಾಯುತ್ತೇನೆ ಎಂದು ಕುಳಿತವರ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನು ನೋಡಿಯೇ ಹಾರಿಸುವ ಅರ್ಹತೆ) ಅವಧಿ ಮೀರುತ್ತದೆ. ಯಾವುದಾದರೂ ಸರಿ ಎಂದು ಸಹಿ ಹಾಕಿದವರು ಐದು ವರ್ಷದ ಬಾಂಡಿನಲ್ಲಿ (ನಡುವೆ ಬಿಟ್ಟರೆ ಹಣ ಕಟ್ಟಬೇಕೆಂಬ ಒಪ್ಪಂದದಲ್ಲಿ) ಸಿಕ್ಕಿಕೊಂಡು, ದೇಶದಲ್ಲಿ ಇನ್ನೊಬ್ಬರು ಹಾರಿಸದ ವಿಮಾನದ ಟೈಪ್ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಹಿಡಿದು ಹೊರಬರುತ್ತಾರೆ.

ಈ ಮಾರ್ಗದರ್ಶಿ 200ರಿಂದ 300 ಗಂಟೆ ಹಾರಾಟದ ಸಿಪಿಎಲ್ ಹೊಂದಿದವರಿಗಾಗಿ ಬರೆದದ್ದು. ಇಲ್ಲಿ ವಿಮಾನಗಳ ತುಲನೆ ನಾಲ್ಕನೆಯ ಹಂತದಲ್ಲಿ ಬರುತ್ತದೆ. ಅದಕ್ಕೂ ಮೊದಲಿನ ಮೂರು ಹಂತಗಳನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹೋದರೆ ಉಳಿದ ಬರಹದಿಂದ ಪ್ರಯೋಜನ ಕಡಿಮೆ.

ಮೊದಲು ಕೈಯಲ್ಲಿರಬೇಕಾದವು

ಗಂಟೆಗಳನ್ನು ವಿಂಗಡಿಸಿ ಕೂಡಿಸಿದ ಲಾಗ್‌ಬುಕ್, ಲೆಕ್ಕಕ್ಕೆ ಒಂದು ಎಕ್ಸೆಲ್ ಹಾಳೆ, ಫೋನಿನಲ್ಲಿ ಫ್ಲೈಟ್‌ರಾಡಾರ್24 ರೀತಿಯ ವಿಮಾನ ಪತ್ತೆಹಚ್ಚುವ ಆ್ಯಪ್, ಕರಾರು ಓದಿ ಹೇಳಬಲ್ಲ ಒಬ್ಬ ವಕೀಲರು, ಆ ಕಂಪನಿಯಲ್ಲಿ ಕಳೆದ ಎರಡು ವರ್ಷದೊಳಗೆ ಸೇರಿದ ಕನಿಷ್ಠ ಇಬ್ಬರು ಫಸ್ಟ್ ಆಫೀಸರ್‌ಗಳ (ಕೋ-ಪೈಲಟ್‌ಗಳ) ಪರಿಚಯ, ಇಷ್ಟು ಸಾಕು. ಕೊನೆಯದನ್ನು ಒದಗಿಸಿಕೊಳ್ಳುವುದು ಕಷ್ಟವಾದರೂ ಅತ್ಯಂತ ಬೆಲೆಯುಳ್ಳದ್ದು ಅದೇ. ಹತ್ತು ವರ್ಷದ ಹಿಂದೆ ಸೇರಿ ಈಗ ಕ್ಯಾಪ್ಟನ್ ಆಗಿರುವವರ ಅನುಭವ ಗೌರವಕ್ಕೆ ಅರ್ಹವಾದರೂ, ಅವರು ಸಹಿ ಮಾಡಿದ ಕರಾರು ಈಗ ಚಾಲ್ತಿಯಲ್ಲಿ ಇರಲಾರದು.

ಹಂತ 1: ದಾಖಲೆಗಳ ಅವಧಿ ಪರಿಶೀಲಿಸಿ

ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕ್ಲಾಸ್ 1 ವೈದ್ಯಕೀಯ ಪ್ರಮಾಣಪತ್ರ, ಇನ್‌ಸ್ಟ್ರುಮೆಂಟ್ ರೇಟಿಂಗ್, ಮಲ್ಟಿ ಎಂಜಿನ್ ರೇಟಿಂಗ್, ಆರ್‌ಟಿಆರ್ (ರೇಡಿಯೋ ಬಳಕೆಯ ಪರವಾನಗಿ), ಕನಿಷ್ಠ 4ನೇ ಮಟ್ಟದ ಇಂಗ್ಲಿಷ್ ಪ್ರಾವೀಣ್ಯ ಪ್ರಮಾಣಪತ್ರ ಇವುಗಳ ಮುಗಿಯುವ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಎಳೆಯ ವಯಸ್ಸಿನವರಿಗೂ ಕ್ಲಾಸ್ 1 ಪ್ರಮಾಣಪತ್ರ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಒಂದೊಂದು ವರ್ಷಕ್ಕೇ ಮುಗಿಯುತ್ತವೆ. ನೇಮಕಾತಿ ಪ್ರಕಟಣೆ ಬಂದ ಮೇಲೆ ನವೀಕರಣಕ್ಕೆ ಓಡಾಡುವವರು ಆ ಸುತ್ತನ್ನೇ ಕಳೆದುಕೊಳ್ಳುತ್ತಾರೆ.

ಎಟಿಪಿಎಲ್‌ನ (ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಪರವಾನಗಿ) ಲಿಖಿತ ಪತ್ರಿಕೆಗಳನ್ನು ನೌಕರಿಗೆ ಕಾಯುವ ಈ ಅವಧಿಯಲ್ಲೇ ಬರೆಯುವುದು ಜಾಣತನ. ನೌಕರಿ ಸಿಕ್ಕ ಮೇಲೆ ರೋಸ್ಟರ್ ನಡುವೆ ಪುಸ್ತಕ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ಯಾವ ಫಸ್ಟ್ ಆಫೀಸರ್ ಬೇಕಾದರೂ ಹೇಳುತ್ತಾರೆ.

ಹಂತ 2: ತಲುಪಬೇಕಾದ ಜಾಗವನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಭಾರತದ ಅಭ್ಯರ್ಥಿಗಳ ಗುರಿ ಸಾಮಾನ್ಯವಾಗಿ ಮೂರು ಬಗೆಯದು. ಒಂದು, ದೇಶದೊಳಗೇ ಏರ್‌ಬಸ್ 320 ಅಥವಾ ಬೋಯಿಂಗ್ 737ರ ಕ್ಯಾಪ್ಟನ್ ಆಗುವುದು. ಎರಡು, ಗಲ್ಫ್ ಅಥವಾ ಪೂರ್ವದ ದೇಶಗಳ ಕಂಪನಿಗಳಲ್ಲಿ ದೊಡ್ಡ ವಿಮಾನ ಹಾರಿಸುವುದು. ಮೂರು, ಪ್ರಾದೇಶಿಕ ಹಾರಾಟದಲ್ಲೇ ಉಳಿದು ಬೇಗ ಕಮಾಂಡ್ (ಕ್ಯಾಪ್ಟನ್ ಹುದ್ದೆ) ಪಡೆದು, ಮುಂದೆ ತರಬೇತುದಾರ ಅಥವಾ ಪರೀಕ್ಷಕ ಆಗುವುದು. ಮೂರನೆಯ ಗುರಿಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕೀಳೆಂಬ ಭಾವನೆ ಇದೆ. ನನ್ನ ಅಭಿಪ್ರಾಯದಲ್ಲಿ ಮನೆಯ ಸಾಲ ಬೇಗ ತೀರಬೇಕಾದವರಿಗೆ ಅದು ಎರಡನೆಯದಕ್ಕಿಂತ ಗಟ್ಟಿಯಾದ ದಾರಿ.

ಗುರಿಯನ್ನು ಬರೆದಿಡುವ ಕಾರಣ ಸರಳವಾಗಿದೆ. ಒಂದೇ ವಿಮಾನ ಒಂದು ಗುರಿಗೆ ನೇರ ದಾರಿಯಾಗಿ, ಇನ್ನೊಂದಕ್ಕೆ ಸುತ್ತುದಾರಿಯಾಗಬಹುದು. ವಿದೇಶದ ಗುರಿ ಇಟ್ಟುಕೊಂಡವರು ಅಂತಹ ಕಂಪನಿಗಳ ಈಗಿನ ನೇಮಕಾತಿ ಪ್ರಕಟಣೆಗಳನ್ನು ನಾಲ್ಕೈದಾದರೂ ಓದಿ, ಅವು ಕೇಳುವ ಮೂರು ಸಂಗತಿಗಳನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು: ಒಟ್ಟು ಗಂಟೆ ಎಷ್ಟು, ಅದರಲ್ಲಿ ಜೆಟ್ ಗಂಟೆ ಬೇಕೆಂದಿದೆಯೇ, ವಿಮಾನದ ಗರಿಷ್ಠ ಟೇಕಾಫ್ ತೂಕ ಎಷ್ಟು ಟನ್‌ಗಿಂತ ಮೇಲಿರಬೇಕು. ಕೊನೆಯ ಅಂಶವನ್ನು ಗಮನಿಸದೆ ಹೋದವರು, ವರ್ಷಗಳ ಕಾಲ ಹಾರಿಸಿದ ವಿಮಾನ ಆ ತೂಕದ ಗೆರೆಯ ಕೆಳಗಿದೆ ಎಂಬುದನ್ನು ಅರ್ಜಿ ತಿರಸ್ಕೃತವಾದಾಗ ತಿಳಿಯುತ್ತಾರೆ.

ಹಂತ 3: ಗಂಟೆಗಳ ಲೆಕ್ಕ ಮಾಡಿ

ಕ್ಯಾಪ್ಟನ್ ಆಗಲು ಎಟಿಪಿಎಲ್ ಬೇಕು. ಎಟಿಪಿಎಲ್‌ಗೆ ಕನಿಷ್ಠ 21 ವರ್ಷ ವಯಸ್ಸು ಮತ್ತು 1500 ಗಂಟೆಗಳ ಹಾರಾಟ ಬೇಕು. ಈ 1500ರೊಳಗೆ ಪೈಲಟ್ ಇನ್ ಕಮಾಂಡ್ (ಪಿಐಸಿ, ಹಾರಾಟದ ಹೊಣೆ ಹೊತ್ತು ಹಾರಿಸಿದ್ದು), ಕ್ರಾಸ್‌ಕಂಟ್ರಿ, ರಾತ್ರಿ, ಇನ್‌ಸ್ಟ್ರುಮೆಂಟ್ ಹಾರಾಟಗಳಿಗೆ ಬೇರೆ ಬೇರೆ ಕನಿಷ್ಠ ಮಿತಿಗಳಿವೆ. ಒಟ್ಟು ಗಂಟೆ ತುಂಬಿದರೂ ಪಿಐಸಿ ಗಂಟೆ ಸಾಲದೆ ಎಟಿಪಿಎಲ್ ಅರ್ಜಿ ನಿಂತುಹೋಗುವುದು ಸಾಮಾನ್ಯವಾಗಿ ಕಾಣುವ ತೊಡಕು. ಆದ್ದರಿಂದ ಸಂದರ್ಶನಕ್ಕೆ ಹೋದ ಕಂಪನಿಯಲ್ಲಿ ಕೋ-ಪೈಲಟ್‌ಗಳು ಕ್ಯಾಪ್ಟನ್‌ರ ಮೇಲ್ವಿಚಾರಣೆಯ ಪಿ1 ಗಂಟೆಗಳನ್ನು (ಕ್ಯಾಪ್ಟನ್‌ನ ಕೆಲಸವನ್ನು ಕೋ-ಪೈಲಟ್ ಮಾಡಿದ ಗಂಟೆಗಳನ್ನು) ಯಾವ ಹಂತದಿಂದ, ಯಾರ ಸಹಿಯೊಂದಿಗೆ ಬರೆದುಕೊಳ್ಳಬಹುದು ಎಂಬುದನ್ನು ಕೇಳಿ ತಿಳಿಯಬೇಕು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಬಳಿ 250 ಗಂಟೆ ಇದ್ದರೆ 1500 ಮುಟ್ಟಲು ಇನ್ನೂ 1250 ಬೇಕು. ತಿಂಗಳಿಗೆ 70 ಗಂಟೆ ಹಾರಿಸುವ ಕಂಪನಿಯಲ್ಲಿ ಅದು ಸುಮಾರು 18 ತಿಂಗಳ ಕೆಲಸ; 45 ಗಂಟೆ ಮಾತ್ರ ಕೊಡುವ ಕಂಪನಿಯಲ್ಲಿ 28 ತಿಂಗಳು. ವರ್ಷಕ್ಕೆ 1000 ಗಂಟೆಯ ಮಿತಿಯನ್ನು ನಿಯಮವೇ ಹಾಕಿರುವುದರಿಂದ ಅದಕ್ಕಿಂತ ವೇಗ ಸಾಧ್ಯವಿಲ್ಲ. ಹತ್ತು ತಿಂಗಳ ಈ ಅಂತರ ಬರುವುದು ವಿಮಾನದ ಹೆಸರಿನಿಂದಲ್ಲ, ಆ ಕಂಪನಿಯ ವಿಮಾನಗಳು ದಿನಕ್ಕೆಷ್ಟು ಹೊತ್ತು ಗಾಳಿಯಲ್ಲಿರುತ್ತವೆ, ಪ್ರತಿ ವಿಮಾನಕ್ಕೆ ಎಷ್ಟು ಜನ ಪೈಲಟ್‌ಗಳಿದ್ದಾರೆ ಎಂಬುದರಿಂದ. ಹೆಚ್ಚು ಜನರನ್ನು ನೇಮಿಸಿಕೊಂಡು ವಿಮಾನಗಳ ಬರವಿಗೆ ಕಾಯುತ್ತಿರುವ ಕಂಪನಿಯಲ್ಲಿ ಎಷ್ಟೇ ಹೊಸ ಜೆಟ್ ಇದ್ದರೂ ಲಾಗ್‌ಬುಕ್ ತುಂಬುವುದಿಲ್ಲ.

ನಿಧಾನದ ವಿಮಾನ ಎಂದರೆ ನಿಧಾನದ ಬೆಳವಣಿಗೆ ಎಂಬ ಗ್ರಹಿಕೆಯೂ ತಪ್ಪು. ಬೆಳಗಾವಿಯಿಂದ ಬೆಂಗಳೂರಿಗೆ ಎಟಿಆರ್ ಸುಮಾರು ಒಂದೂಕಾಲು ಗಂಟೆ ತೆಗೆದುಕೊಂಡರೆ ಜೆಟ್ ಇನ್ನೂ ಬೇಗ ತಲುಪುತ್ತದೆ. ಲಾಗ್‌ಬುಕ್ಕಿನಲ್ಲಿ ಒಂದೇ ದಾರಿಗೆ ಎಟಿಆರ್‌ನವರಿಗೇ ಹೆಚ್ಚು ಗಂಟೆ ಬೀಳುತ್ತದೆ. ಅದರ ಜೊತೆಗೆ ದಿನಕ್ಕೆ ನಾಲ್ಕು ಸೆಕ್ಟರ್ ಎಂದರೆ ನಾಲ್ಕು ಟೇಕಾಫ್, ನಾಲ್ಕು ಲ್ಯಾಂಡಿಂಗ್. ಅವುಗಳಲ್ಲಿ ನಿಮ್ಮ ಪಾಲು ಎಷ್ಟು ಎಂಬುದೇ ಮುಂದಿನ ಪ್ರಶ್ನೆ: ಕೋ-ಪೈಲಟ್‌ಗೆ ಟೇಕಾಫ್ ಮತ್ತು ಲ್ಯಾಂಡಿಂಗ್ ಕೊಡುವ ಅರ್ಹತೆ ಎಲ್ಲ ಕ್ಯಾಪ್ಟನ್‌ಗಳಿಗೂ ಇರುವುದಿಲ್ಲ. ಹಾಗೆ ಅರ್ಹತೆ ಪಡೆದವರು ಕಡಿಮೆ ಇರುವ ಕಂಪನಿಯಲ್ಲಿ, ಸಾವಿರ ಗಂಟೆ ಕಳೆದರೂ ಮಳೆಗಾಲದ ಅಡ್ಡಗಾಳಿಯಲ್ಲಿ ಸ್ವತಃ ಇಳಿಸಿದ ಅನುಭವ ಬೆರಳೆಣಿಕೆಯಷ್ಟೇ ಇರುತ್ತದೆ, ಮತ್ತು ಕಮಾಂಡ್ ತರಬೇತಿಯ ಹೊತ್ತಿಗೆ ಈ ಕೊರತೆ ಎದ್ದು ಕಾಣುತ್ತದೆ.

ಹಂತ 4: ವಿಮಾನಗಳನ್ನು ಒಂದೊಂದಾಗಿ ತೂಗಿ

ಪ್ರತಿ ವಿಮಾನಕ್ಕೂ ಮೂರು ಪ್ರಶ್ನೆ ಹಾಕಬೇಕು. ದೇಶದಲ್ಲಿ ಇದನ್ನು ಎಷ್ಟು ಕಂಪನಿಗಳು ಹಾರಿಸುತ್ತಿವೆ? ಇಲ್ಲಿ ಕಲಿತ ಕೆಲಸ ಮುಂದಿನ ವಿಮಾನಕ್ಕೆ ಎಷ್ಟು ಸಾಗುತ್ತದೆ? ಇದರ ತೂಕ ಮತ್ತು ಎಂಜಿನ್ ಬಗೆ ಎರಡನೆಯ ಹಂತದಲ್ಲಿ ಬರೆದ ಗುರಿಗೆ ಹೊಂದುತ್ತದೆಯೇ?

*ಎಟಿಆರ್ 72-600*

ಸುಮಾರು 23 ಟನ್ ಗರಿಷ್ಠ ತೂಕ, 70ರಿಂದ 78 ಆಸನ, ಎರಡು ಟರ್ಬೊಪ್ರಾಪ್ ಎಂಜಿನ್, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ, 25,000 ಅಡಿ ಎತ್ತರದ ಮಿತಿ. ಇಂಡಿಗೊ, ಅಲಯನ್ಸ್ ಏರ್, ಫ್ಲೈ91 ಈ ಮೂರೂ ಇದನ್ನು ಹಾರಿಸುವುದರಿಂದ ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಲು ಅವಕಾಶ ಇದೆ. ಎಟಿಆರ್ 42 ಮತ್ತು 72ಕ್ಕೆ ಟೈಪ್ ರೇಟಿಂಗ್ ಒಂದೇ. ನಡುವಿನ ವ್ಯತ್ಯಾಸಕ್ಕೆ ಚಿಕ್ಕ ತರಬೇತಿ ಸಾಕು.

ಇದರಲ್ಲಿ ಆಟೊಥ್ರಾಟಲ್ ಇಲ್ಲ. ವೇಗವನ್ನು ಕೈಯಿಂದಲೇ ಕಾಯಬೇಕು, ಎಂಜಿನ್‌ನ ಶಕ್ತಿ ಬದಲಾದಾಗಲೆಲ್ಲ ರಡ್ಡರ್ ಬಳಸಿ ವಿಮಾನವನ್ನು ನೇರವಾಗಿಡಬೇಕು, ಮೋಡದೊಳಗೆ ಮಂಜುಗಟ್ಟುವ ಸ್ಥಿತಿಯಲ್ಲಿ ಕನಿಷ್ಠ ವೇಗದ ಮಿತಿಗಳನ್ನು ಏರಿಸಿಕೊಳ್ಳಬೇಕು. ಇದು ಕಷ್ಟದ ಶಾಲೆ, ಆದರೆ ಕೈ ಪಳಗುತ್ತದೆ. ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ ನಡೆದ ದುರಂತ ಸಾಕ್ಷಿ: ಇಳಿಯುವ ಹೊತ್ತಿನಲ್ಲಿ ಫ್ಲ್ಯಾಪ್ ಲಿವರ್ ಬದಲು ಪ್ರೊಪೆಲ್ಲರ್ ನಿಯಂತ್ರಿಸುವ ಎರಡೂ ಕಂಡಿಷನ್ ಲಿವರ್‌ಗಳು ಎಳೆಯಲ್ಪಟ್ಟು, ಪ್ರೊಪೆಲ್ಲರ್‌ಗಳು ಫೆದರ್ ಆಗಿ (ಅಲಗುಗಳು ಗಾಳಿಯ ದಿಕ್ಕಿಗೆ ತಿರುಗಿ), ಎಟಿಆರ್ 72 ತನ್ನ ಒತ್ತುಶಕ್ತಿಯನ್ನೇ ಕಳೆದುಕೊಂಡಿತು. ಯಾವ ಲಿವರ್ ಮುಟ್ಟುತ್ತಿದ್ದೇನೆ ಎಂದು ಕಣ್ಣಿಟ್ಟು, ಬಾಯಿಬಿಟ್ಟು ಹೇಳಿ, ಜೊತೆಗಾರ ಖಚಿತಪಡಿಸಿದ ಮೇಲೆಯೇ ಸರಿಸುವ ಅಭ್ಯಾಸವನ್ನು ಸಿಮ್ಯುಲೇಟರ್‌ನಲ್ಲೇ ಗಟ್ಟಿ ಮಾಡಿಕೊಳ್ಳಬೇಕು.

ಎಟಿಆರ್‌ನಿಂದ ಜೆಟ್‌ಗೆ ಹೋಗುವವರು ಮುಗ್ಗರಿಸುವುದು ಇಳಿಯುವ ಯೋಜನೆಯಲ್ಲಿ. ಟರ್ಬೊಪ್ರಾಪ್‌ನಲ್ಲಿ ಶಕ್ತಿ ತಗ್ಗಿಸಿದ ಕೂಡಲೆ ಪ್ರೊಪೆಲ್ಲರ್‌ಗಳೇ ಗಾಳಿಗೆ ಅಡ್ಡವಾಗಿ ವೇಗವನ್ನು ಇಳಿಸುತ್ತವೆ. ಜೆಟ್ ಹಾಗೆ ಸುಲಭವಾಗಿ ನಿಧಾನವಾಗುವುದಿಲ್ಲ. ಹಳೆಯ ರೂಢಿಯಲ್ಲಿ ತಡವಾಗಿ ಇಳಿಯಲು ಶುರು ಮಾಡಿದವರು ನಿಲ್ದಾಣದ ಸಮೀಪ ಬಂದಾಗ ಎತ್ತರದಲ್ಲೂ ವೇಗದಲ್ಲೂ ಹೆಚ್ಚಾಗಿರುತ್ತಾರೆ. ಇದು ತಿದ್ದಿಕೊಳ್ಳಬಹುದಾದ ಕೊರತೆ, ಎಟಿಆರ್ ಬೇಡವೆನ್ನಲು ಕಾರಣವಾಗುವಂಥದ್ದಲ್ಲ.

*ಎಂಬ್ರೇರ್ 175*

ಸುಮಾರು 39 ಟನ್ ತೂಕ, ಭಾರತದಲ್ಲಿ 76 ಆಸನಗಳ ವಿನ್ಯಾಸ, ರೆಕ್ಕೆಯ ಕೆಳಗಿನ ಎರಡು ಜೆಟ್ ಎಂಜಿನ್, 41,000 ಅಡಿಯವರೆಗಿನ ಎತ್ತರ, ಆಟೊಥ್ರಾಟಲ್, ಮುಂದುವರಿದ ಎಫ್‌ಎಂಎಸ್ (ಹಾರಾಟ ನಿರ್ವಹಣೆಯ ಕಂಪ್ಯೂಟರ್). ಕಾಕ್‌ಪಿಟ್‌ನ ಕೆಲಸದ ರೀತಿ ಏರ್‌ಬಸ್ 320ಕ್ಕೆ ಉಳಿದೆಲ್ಲ ಪ್ರಾದೇಶಿಕ ವಿಮಾನಗಳಿಗಿಂತ ಹತ್ತಿರ. ಜೆಟ್ ಗಂಟೆ ಕೇಳುವ ಪ್ರಕಟಣೆಗೂ, ತೂಕದ ಗೆರೆ ಹಾಕುವ ಪ್ರಕಟಣೆಗೂ ಇದು ಸಲ್ಲುತ್ತದೆ. ಎರಡನೆಯ ಗುರಿ ಇಟ್ಟುಕೊಂಡವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಉತ್ತಮವಾದದ್ದು ಇಲ್ಲ.

ತೊಡಕು ಒಂದೇ. ಭಾರತದಲ್ಲಿ ಇದನ್ನು ನಿಗದಿತ ಸೇವೆಯಲ್ಲಿ ಹಾರಿಸುವುದು ಸ್ಟಾರ್ ಏರ್ ಮಾತ್ರ. ಕಂಪನಿ ಬಿಡಬೇಕಾಗಿ ಬಂದರೆ ಅದೇ ರೇಟಿಂಗ್ ಹಿಡಿದು ತಟ್ಟಲು ದೇಶದಲ್ಲಿ ಎರಡನೆಯ ಬಾಗಿಲಿಲ್ಲ. ಹೊಸ ಟೈಪ್ ರೇಟಿಂಗ್‌ನಿಂದಲೇ ಶುರು ಮಾಡಬೇಕು. ಹಾಗಾಗಿ ಈ ವಿಮಾನದ ವಿಷಯದಲ್ಲಿ ಆರನೆಯ ಹಂತದ ಕರಾರಿನ ಪರಿಶೀಲನೆ ಇಮ್ಮಡಿ ಮುಖ್ಯವಾಗುತ್ತದೆ.

*ಎಂಬ್ರೇರ್ ಇಆರ್‌ಜೆ-145*

ಐವತ್ತು ಆಸನ, ಸುಮಾರು 22 ಟನ್ ತೂಕ, ಹಿಂಭಾಗದಲ್ಲಿ ಎರಡು ಎಂಜಿನ್, 37,000 ಅಡಿ. ಬೆಳಗಾವಿಯವರಿಗೆ ಪರಿಚಿತವಾದ ವಿಮಾನ. ಜೆಟ್ ಆಗಿದ್ದರೂ ಆಟೊಥ್ರಾಟಲ್ ಇಲ್ಲದಿರುವುದರಿಂದ ಎತ್ತರದ ಹಾರಾಟ ಮತ್ತು ಕೈಯಿಂದ ವೇಗ ನಿಭಾಯಿಸುವ ಕಲೆ ಎರಡನ್ನೂ ಒಟ್ಟಿಗೆ ಕಲಿಸುತ್ತದೆ. ಕಲಿಕೆಯ ದೃಷ್ಟಿಯಿಂದ ನನಗೆ ಇದು ಇ175ಕ್ಕಿಂತ ಮೇಲು ಎನಿಸುತ್ತದೆ. ಆದರೆ ಇದರ ತಯಾರಿಕೆ ನಿಂತಿದೆ, ತೂಕ ಎಟಿಆರ್‌ನಷ್ಟೇ ಇದೆ. ಇದನ್ನು ಒಪ್ಪಿಕೊಳ್ಳುವುದಾದರೆ ಅದೇ ಕಂಪನಿಯಲ್ಲಿ ಇ175ಕ್ಕೆ ಬದಲಾಗುವ ದಾರಿ ಲಿಖಿತವಾಗಿದೆಯೇ ಎಂದು ನೋಡಿ.

*ಕ್ಯೂ400*

ಎಟಿಆರ್‌ಗಿಂತ ಭಾರವಾದ, ಹೆಚ್ಚು ಶಕ್ತಿಯ, ವೇಗದ ಟರ್ಬೊಪ್ರಾಪ್. ಸುಮಾರು 29.5 ಟನ್ ತೂಕ ಇರುವುದರಿಂದ ಕೆಲವು ವಿದೇಶಿ ಪ್ರಕಟಣೆಗಳ ಗೆರೆ ದಾಟುತ್ತದೆ. ಆದರೆ 2021ರ ನಂತರ ಹೊಸ ವಿಮಾನಗಳ ತಯಾರಿಕೆ ನಡೆದಿಲ್ಲ, ಭಾರತದಲ್ಲಿ ಸ್ಪೈಸ್‌ಜೆಟ್ ಬಿಟ್ಟರೆ ಇದನ್ನು ಹಾರಿಸುವ ನಿಗದಿತ ಕಂಪನಿ ಇಲ್ಲ. ಉಳಿದ ಎಲ್ಲ ಹಂತಗಳಲ್ಲೂ ತೃಪ್ತಿಕರ ಉತ್ತರ ಸಿಕ್ಕಿದಾಗ ಮಾತ್ರ ಇದನ್ನು ಆರಿಸಿ.

*ಡಾರ್ನಿಯರ್ 228 ಮತ್ತು ಸೆಸ್ನಾ ಕ್ಯಾರವಾನ್*

ಎಚ್‌ಎಎಲ್ ತಯಾರಿಸುವ ಡಾರ್ನಿಯರ್ 19 ಆಸನಗಳ, ಎರಡು ಟರ್ಬೊಪ್ರಾಪ್ ಎಂಜಿನ್‌ಗಳ, ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲದ ವಿಮಾನ. ಇಂಡಿಯಾಒನ್ ಏರ್ ಹಾರಿಸುವ ಕ್ಯಾರವಾನ್‌ಗೆ ಒಂಬತ್ತು ಆಸನ, ಒಂದೇ ಎಂಜಿನ್. ಒಟ್ಟು ಗಂಟೆ ಹೆಚ್ಚಿಸಿಕೊಳ್ಳಲು ಇವು ಒಳ್ಳೆಯ ಸೇತುವೆಗಳು. ಆದರೆ ಒಂಟಿ ಎಂಜಿನ್‌ನ ಗಂಟೆಗಳನ್ನು ದೊಡ್ಡ ಕಂಪನಿಗಳು ಮಲ್ಟಿ ಎಂಜಿನ್ ಅನುಭವವೆಂದು ಎಣಿಸುವುದಿಲ್ಲ. ಅಲ್ಲಿ ಒಂದೆರಡು ವರ್ಷ ಮೀರಿ ಉಳಿಯುವುದು ಮೂರನೆಯ ಗುರಿಯವರಿಗೂ ಉಚಿತವಲ್ಲ.

ಇಷ್ಟೆಲ್ಲ ತೂಗಿದ ಮೇಲೆ, ಏರ್‌ಬಸ್ ಸೀಟು ಕೈಯಲ್ಲಿಲ್ಲದ 250 ಗಂಟೆಯ ಅಭ್ಯರ್ಥಿಗೆ ನನ್ನ ಸಲಹೆ ಇದು: ಇಂದು ಸಿಗುವ ಎಟಿಆರ್, ಎರಡು ವರ್ಷದ ನಂತರ ಸಿಗಬಹುದಾದ ಜೆಟ್‌ಗಿಂತ ಮೇಲು. ಇ175 ಮತ್ತು ಎಟಿಆರ್ ಎರಡೂ ಒಟ್ಟಿಗೆ ಕೈಗೆ ಬಂದರೆ ಮಾತ್ರ ಕರಾರುಗಳನ್ನು ಅಕ್ಕಪಕ್ಕ ಇಟ್ಟು ಯೋಚಿಸುವ ಅಗತ್ಯ ಬೀಳುತ್ತದೆ.

ಹಂತ 5: ಕಂಪನಿಯ ಆರೋಗ್ಯವನ್ನು ನೀವೇ ಅಳೆಯಿರಿ

ಈ ಹಂತಕ್ಕೆ ಎರಡು ವಾರ ಮೀಸಲಿಡಿ. ಕಂಪನಿಯ ಬಳಿ ನೀವು ಆಯ್ದ ಬಗೆಯ ಎಷ್ಟು ವಿಮಾನಗಳಿವೆ ಎಂಬುದನ್ನು ತಿಳಿದು, ಪ್ರತಿ ವಿಮಾನದ ಬಾಲದ ಮೇಲಿನ ನೋಂದಣಿ ಸಂಖ್ಯೆಯನ್ನು ಆ್ಯಪ್‌ನಲ್ಲಿ ಹಾಕಿ, ದಿನಕ್ಕೆ ಎಷ್ಟು ಸೆಕ್ಟರ್ ಹಾರಿತು, ಎಷ್ಟು ದಿನ ನಿಂತೇ ಇತ್ತು ಎಂದು ಹಾಳೆಯಲ್ಲಿ ತುಂಬಿಸಿ. ಹತ್ತು ವಿಮಾನಗಳಿವೆ ಎಂದು ಸಂದರ್ಶನದಲ್ಲಿ ಹೇಳಿ, ಆರೇ ಹಾರುತ್ತಿದ್ದರೆ ಉಳಿದ ನಾಲ್ಕರ ಪಾಲಿನ ಪೈಲಟ್‌ಗಳು ಮನೆಯಲ್ಲಿದ್ದಾರೆ ಎಂದೇ ಅರ್ಥ. ನೇಮಕಾತಿ ಅಧಿಕಾರಿಯ ಯಾವ ಮಾತಿಗಿಂತಲೂ ಈ ಹಾಳೆ ನಂಬಲರ್ಹ.

ಎರಡನೆಯದು ಪ್ರಾದೇಶಿಕ ಮಾರ್ಗಗಳಿಗೆ ನೆರವಾಗುವ ಸರ್ಕಾರದ ಉಡಾನ್ ಯೋಜನೆಯ ಅವಲಂಬನೆ. ಆ ಯೋಜನೆಯಡಿ ದೊರೆಯುವ ನಷ್ಟ ಭರ್ತಿ ನೆರವು ಒಂದು ಮಾರ್ಗಕ್ಕೆ ಮೂರು ವರ್ಷದ್ದು. ಕಂಪನಿಯ ಬಹುಪಾಲು ಮಾರ್ಗಗಳು ಅದರ ಮೇಲೆಯೇ ನಿಂತಿದ್ದು, ಎಲ್ಲದರ ಅವಧಿ ಒಂದೇ ವರ್ಷದಲ್ಲಿ ಮುಗಿಯುವುದಾದರೆ, ಆ ವರ್ಷ ಹಾರಾಟ ತಗ್ಗುವ ಸಾಧ್ಯತೆ ಇದೆ ಎಂದು ಎಣಿಸಿಯೇ ಗಂಟೆಗಳ ಲೆಕ್ಕ ಹಾಕಬೇಕು.

ಮೂರನೆಯದು ಸಂಬಳ. ತಡವಾಗುತ್ತಿದೆಯೇ ಎಂದು ಕೇಳಿದರೆ ಯಾರೂ ನೇರವಾಗಿ ಹೇಳುವುದಿಲ್ಲ. ಕಡಿತವಾದ ಟಿಡಿಎಸ್ ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ಕಾಣುತ್ತಿದೆಯೇ, ಪಿಎಫ್ ಪಾಸ್‌ಬುಕ್‌ನಲ್ಲಿ ಕಳೆದ ತಿಂಗಳ ಹಣ ಜಮೆಯಾಗಿದೆಯೇ ಎಂದು ಅಲ್ಲಿರುವ ಫಸ್ಟ್ ಆಫೀಸರ್‌ಗಳನ್ನು ಕೇಳಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ಹಾರಾಟ ನಿಲ್ಲಿಸಿದವು. ದೊಡ್ಡ ಹೆಸರು ರಕ್ಷಣೆ ಎಂದು ಯಾರೂ ಭಾವಿಸಬೇಕಿಲ್ಲ.

ಹಂತ 6: ಕರಾರನ್ನು ಸಾಲು ಸಾಲಾಗಿ ಓದಿ

ಹೊಲ ಅಡವಿಟ್ಟು ಸಿಪಿಎಲ್ ಮಾಡಿಸಿದ ಮನೆಗಳಲ್ಲಿ ನೇಮಕಾತಿ ಪತ್ರ ಬಂದ ದಿನ ಕರಾರನ್ನು ಓದುವ ಸಹನೆ ಯಾರಿಗೂ ಇರುವುದಿಲ್ಲ. ಎಲ್ಲ ಹಂತಗಳಲ್ಲಿ ಅತಿ ಹೆಚ್ಚು ನಷ್ಟ ಆಗುವುದು ಇಲ್ಲೇ ಆದ್ದರಿಂದ, ಸಹಿಗೆ ಮೊದಲು ಒಂದು ವಾರದ ಸಮಯ ಕೇಳಿ. ಕೊಡಲೊಲ್ಲದ ಕಂಪನಿಯ ಬಗ್ಗೆ ಅಷ್ಟರಿಂದಲೇ ಒಂದು ಸಂಗತಿ ತಿಳಿದಂತಾಗುತ್ತದೆ.

ಬಾಂಡ್ ಎಷ್ಟು ವರ್ಷದ್ದು ಎಂಬುದಕ್ಕಿಂತ ಅದು ಯಾವ ದಿನದಿಂದ ಶುರುವಾಗುತ್ತದೆ ಎಂಬುದನ್ನು ಮೊದಲು ಹುಡುಕಿ. ಸಹಿಯ ದಿನದಿಂದಲೋ, ಸಿಮ್ಯುಲೇಟರ್‌ನ ಮೊದಲ ದಿನದಿಂದಲೋ, ಲೈನ್ ತರಬೇತಿ (ಪ್ರಯಾಣಿಕರಿರುವ ಹಾರಾಟಗಳಲ್ಲಿ ನಡೆಯುವ ತರಬೇತಿ) ಮುಗಿಸಿ ಅದರ ಕೊನೆಯ ಪರೀಕ್ಷೆಯಾದ ರಿಲೀಸ್ ಚೆಕ್ ಆದ ದಿನದಿಂದಲೋ? ಕೊನೆಯದಾದರೆ, ವಿಮಾನಗಳಿಲ್ಲದೆ ಲೈನ್ ತರಬೇತಿ ಎಂಟು ತಿಂಗಳು ಎಳೆದರೆ ಆ ಎಂಟು ತಿಂಗಳು ಬಾಂಡಿನ ಲೆಕ್ಕಕ್ಕೇ ಬರುವುದಿಲ್ಲ. ಮೊತ್ತ ತಿಂಗಳು ತಿಂಗಳಿಗೆ ತಗ್ಗುತ್ತದೆಯೇ ಅಥವಾ ಕೊನೆಯ ದಿನದವರೆಗೂ ಪೂರ್ಣವಾಗಿ ನಿಲ್ಲುತ್ತದೆಯೇ, ಕಂಪನಿಯೇ ಸಂಬಳರಹಿತ ರಜೆ ಕೊಟ್ಟು ಮನೆಗೆ ಕಳಿಸಿದರೆ ಆ ಅವಧಿ ಸೇರುತ್ತದೆಯೇ ಎಂಬುದನ್ನೂ ಬರಹದಲ್ಲೇ ನೋಡಬೇಕು.

ಎರಡು ಬಗೆಯ ವಿಮಾನಗಳಿರುವ ಕಂಪನಿಗಳಲ್ಲಿ ಇನ್ನೊಂದು ಪ್ರಶ್ನೆ ಇದೆ. ಎಟಿಆರ್‌ನಿಂದ ಏರ್‌ಬಸ್‌ಗೆ ಬದಲಾಗಲು ಎಷ್ಟು ವರ್ಷ ಅಥವಾ ಎಷ್ಟು ಗಂಟೆ ಕಾಯಬೇಕು, ಬದಲಾದ ಮೇಲೆ ಸೇವಾ ಹಿರಿತನ ಉಳಿಯುತ್ತದೆಯೇ, ಹೊಸದೊಂದು ಬಾಂಡ್ ಸೇರುತ್ತದೆಯೇ? ಕಂಪನಿ ಬಿಟ್ಟು ಹೋದವರ ಹಿರಿತನ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಒಳಗೇ ಬದಲಾದವರದು ಉಳಿದರೆ ಅದರ ಬೆಲೆ ಕಮಾಂಡ್ ಸರದಿಯಲ್ಲಿ ತಿಳಿಯುತ್ತದೆ. ಇಂಡಿಗೊ 2023ರ ಜೂನ್‌ನಲ್ಲಿ ಒಮ್ಮೆಲೇ 500 ಏರ್‌ಬಸ್ 320 ಸರಣಿಯ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದನ್ನು ತೋರಿಸಿ, ಎಟಿಆರ್‌ನವರೆಲ್ಲರೂ ತಾನಾಗಿಯೇ ಅಲ್ಲಿಗೆ ಹೋಗುತ್ತಾರೆ ಎನ್ನುವವರಿದ್ದಾರೆ. ವಿಮಾನಗಳ ಬೇಡಿಕೆ ಬೇರೆ, ನಿಮ್ಮ ಕರಾರಿನಲ್ಲಿರುವ ಹಕ್ಕು ಬೇರೆ.

ನೋಟಿಸ್ ಅವಧಿಯನ್ನು ಡಿಜಿಸಿಎಯ 2017ರ ನಿಯಮ ಕೋ-ಪೈಲಟ್‌ಗಳಿಗೆ ಆರು ತಿಂಗಳು, ಕಮಾಂಡರ್‌ಗಳಿಗೆ ಒಂದು ವರ್ಷ ಎಂದು ನಿಗದಿ ಮಾಡಿದೆ. ಈ ಆರು ತಿಂಗಳು ಬಾಂಡಿನ ಅವಧಿಯೊಳಗೇ ಕಳೆಯಬಹುದೋ ಅಥವಾ ಬಾಂಡ್ ಮುಗಿದ ಮೇಲೆಯೇ ಶುರುವಾಗಬೇಕೋ ಎಂಬುದನ್ನು ವಕೀಲರಿಂದ ಓದಿಸಿ.

ಈ ಹಂತದಲ್ಲಿ ಕಂಡ ಕೂಡಲೆ ಹಿಂದೆ ಸರಿಯಬೇಕಾದ ಗುರುತುಗಳು ನಾಲ್ಕು. ಮೊತ್ತ ಬರೆಯದ ಚೆಕ್ ಕೇಳುವುದು. ತಂದೆ, ಚಿಕ್ಕಪ್ಪ, ಸೋದರಮಾವ ಹೀಗೆ ಜಮೀನುಳ್ಳವರನ್ನೇ ಜಾಮೀನುದಾರರಾಗಿ ನಿಲ್ಲಿಸಬೇಕೆನ್ನುವುದು. ಕಂಪನಿಯ ಹೆಸರಿನಲ್ಲಿ ನಡುವಿನ ಏಜೆಂಟ್ ಹಣ ಕೇಳುವುದು. ಮೊದಲು ಸ್ವಂತ ಖರ್ಚಿನಲ್ಲಿ ಟೈಪ್ ರೇಟಿಂಗ್ ಮಾಡಿಕೊಳ್ಳಿ, ನೌಕರಿ ಖಾತ್ರಿ ಎನ್ನುವುದು. ನಾಲ್ಕನೆಯದರ ವಂಚನೆ ಸೂಕ್ಷ್ಮವಾದದ್ದು, ಏಕೆಂದರೆ ರೇಟಿಂಗ್ ನಿಜವಾಗಿಯೂ ಸಿಗುತ್ತದೆ. ಆದರೆ ನೌಕರಿಯಿಲ್ಲದೆ ಅದನ್ನು ಚಾಲ್ತಿಯಲ್ಲಿಡಲು ಮತ್ತೆ ಮತ್ತೆ ಸಿಮ್ಯುಲೇಟರ್ ಬಾಡಿಗೆ ಕಟ್ಟಿ ಪರೀಕ್ಷೆ ಕೊಡಬೇಕು, ಮತ್ತು ಲೈನ್ ಅನುಭವವಿಲ್ಲದ ರೇಟಿಂಗ್‌ಗೆ ಕಂಪನಿಗಳು ಕೊಡುವ ಬೆಲೆ ಕಡಿಮೆ.

ಹಂತ 7: ಊರಿನ ಸಮೀಪ ಎಂಬ ಆಸೆಯನ್ನು ಕೊನೆಗೆ ಇಡಿ

ಎಟಿಆರ್ ಮತ್ತು ಎಂಬ್ರೇರ್ ಎರಡೂ ಬಂದಿಳಿಯುವ ಸಾಂಬ್ರಾ ಹತ್ತಿರದಲ್ಲಿದೆ ಎಂದು ಅದಕ್ಕೆ ಹೊಂದುವ ವಿಮಾನವನ್ನು ಆರಿಸುವುದು ಸಲ್ಲದು. ಪೈಲಟ್‌ನ ನೆಲೆಯನ್ನು ಕಂಪನಿ ತನ್ನ ಅನುಕೂಲದಂತೆ ಬದಲಿಸುತ್ತದೆ, ಮಾರ್ಗಗಳೂ ಬದಲಾಗುತ್ತವೆ. ವಿಜಯಪುರದ ನಿದರ್ಶನ ಕಣ್ಣ ಮುಂದಿದೆ: ಬುರಣಾಪುರದ ಬಳಿಯ ನಿಲ್ದಾಣವನ್ನು ಮೊದಲು ಎಟಿಆರ್‌ಗೆಂದು ಯೋಜಿಸಿ, ನಂತರ ಏರ್‌ಬಸ್ 320 ಇಳಿಯುವಂತೆ ಮಾರ್ಪಡಿಸಲಾಯಿತು. ರನ್‌ವೇಯ ಯೋಜನೆಯೇ ಹೀಗೆ ಬದಲಾಗುವಾಗ ಅದನ್ನು ನಂಬಿ ಟೈಪ್ ರೇಟಿಂಗ್ ಆರಿಸಲಾಗದು. ಎರಡು ಅವಕಾಶಗಳು ಎಲ್ಲ ವಿಧದಲ್ಲೂ ಸಮವಾಗಿದ್ದರೆ ಮಾತ್ರ ಮನೆಯ ದೂರ ನೋಡಿ.

ಹಂತ 8: ಒಪ್ಪಿಕೊಂಡ ದಿನದಿಂದಲೇ ಮುಂದಿನ ವಿಮಾನಕ್ಕೆ ಸಿದ್ಧರಾಗಿ

ಟೈಪ್ ರೇಟಿಂಗ್‌ನ ಸಿಮ್ಯುಲೇಟರ್ ಅವಧಿಗೆ ಹೋಗುವ ಮೊದಲೇ ಕಾಕ್‌ಪಿಟ್‌ನ ಕಾಗದದ ಚಿತ್ರವನ್ನು ಗೋಡೆಗೆ ಅಂಟಿಸಿ, ಪ್ರತಿ ಸ್ವಿಚ್ಚಿನ ಜಾಗ ಮತ್ತು ಪ್ರತಿ ಚೆಕ್‌ಲಿಸ್ಟ್‌ನ ಕ್ರಮ ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿ. ಸಿಮ್ಯುಲೇಟರ್‌ನ ಗಂಟೆಗಳು ಸ್ವಿಚ್ಚು ಹುಡುಕಲು ಅಲ್ಲ. ಲಾಗ್‌ಬುಕ್ಕನ್ನು ಪ್ರತಿ ತಿಂಗಳು ಎಟಿಪಿಎಲ್‌ನ ಉಪಮಿತಿಗಳೊಂದಿಗೆ ಹೋಲಿಸಿ, ರಾತ್ರಿಯ ಗಂಟೆ ಅಥವಾ ಮೇಲ್ವಿಚಾರಣೆಯ ಪಿ1 ಗಂಟೆ ಹಿಂದುಳಿದಿದ್ದರೆ ರೋಸ್ಟರ್ ವಿಭಾಗದ ಗಮನಕ್ಕೆ ಲಿಖಿತವಾಗಿ ತನ್ನಿ. ಆಟೊಪೈಲಟ್ ಬಿಟ್ಟು ಕೈಯಿಂದ ಹಾರಿಸಲು ಕ್ಯಾಪ್ಟನ್ ಅನುಮತಿ ಕೊಟ್ಟ ಯಾವ ಒಳ್ಳೆಯ ಹವೆಯ ದಿನವನ್ನೂ ಬಿಡಬೇಡಿ. ಜೆಟ್ ಗುರಿ ಇರುವ ಎಟಿಆರ್ ಪೈಲಟ್‌ಗಳು ಎತ್ತರದ ಹಾರಾಟದ ಸಿದ್ಧಾಂತವನ್ನೂ, ಇಳಿಯುವ ದೂರವನ್ನು ಮನಸ್ಸಿನಲ್ಲೇ ಲೆಕ್ಕ ಹಾಕುವುದನ್ನೂ ಈ ಅವಧಿಯಲ್ಲಿ ರೂಢಿಸಿಕೊಳ್ಳಬೇಕು.

ಬಾಂಡ್ ಮುಗಿಯುವ ಹೊತ್ತಿಗೆ ಒಂದು ಕಠಿಣ ಆಯ್ಕೆ ಎದುರಾಗುತ್ತದೆ. ಕಮಾಂಡ್ ಸರದಿ ಒಂದು ವರ್ಷದೊಳಗೆ ಬರುವಂತಿದ್ದರೆ, ಫಸ್ಟ್ ಆಫೀಸರ್ ಆಗಿಯೇ ಬೇರೆಡೆಗೆ ಹೋಗುವುದಕ್ಕಿಂತ ಉಳಿದು ಕ್ಯಾಪ್ಟನ್‌ನ ನಾಲ್ಕು ಪಟ್ಟಿ ಪಡೆಯುವುದು ಸಾಮಾನ್ಯವಾಗಿ ಲಾಭಕರ. ಪ್ರಾದೇಶಿಕ ವಿಮಾನದ್ದೇ ಆದರೂ ಪಿಐಸಿ ಗಂಟೆಗಳಿಗೆ ಎಲ್ಲೆಡೆ ಬೆಲೆ ಇದೆ. ಆದರೆ ಕಮಾಂಡರ್ ಆದ ದಿನದಿಂದ ನೋಟಿಸ್ ಅವಧಿ ಆರು ತಿಂಗಳಿಂದ ಒಂದು ವರ್ಷಕ್ಕೆ ಏರುತ್ತದೆ, ಹಲವು ಕರಾರುಗಳಲ್ಲಿ ಕಮಾಂಡ್ ತರಬೇತಿಯ ಜೊತೆಗೆ ಮತ್ತೊಂದು ಬಾಂಡ್ ಕೂಡ ಬರುತ್ತದೆ. ಎರಡನೆಯ ಗುರಿಯವರು ವಿದೇಶಿ ಪ್ರಕಟಣೆ ಫಸ್ಟ್ ಆಫೀಸರ್ ಹುದ್ದೆಗೆ ಕೇಳುವ ಗಂಟೆಗಳನ್ನು ಆಗಲೇ ದಾಟಿದ್ದರೆ ಕಮಾಂಡ್ ತರಬೇತಿಗೆ ಹೆಸರು ಕೊಡುವ ಮೊದಲೇ ಅರ್ಜಿ ಹಾಕಬೇಕು. ಮೊದಲ ಮತ್ತು ಮೂರನೆಯ ಗುರಿಯವರು ಕಮಾಂಡ್ ಕರಾರನ್ನು ಆರನೆಯ ಹಂತದ ಪ್ರಶ್ನೆಗಳೊಂದಿಗೆ ಮತ್ತೊಮ್ಮೆ ವಕೀಲರ ಮುಂದಿಟ್ಟು, ಬಾಂಡಿನ ಆರಂಭದ ದಿನಾಂಕ ಬರೆದಿರುವ ಸಾಲನ್ನು ಓದಿದ ಮೇಲೆ ಸಹಿ ಮಾಡಬೇಕು.